ಇಲ್ಲ ಅನ್ನಬಾರದ ಮನೆ

ನನ್ನ ಮಾವನಿಗೆ ಇಂಗ್ಲಿಷ್ ಬರುವುದಿಲ್ಲ. ಬರುವುದು ನಾಲ್ಕೇ ಮಾತು: ಮಸ್ಟು, ಕಂಪಲ್ಸರಿ, ಅರ್ಜೆಂಟು, ನೆಸೆಸರಿ. ಒಂದು ಮನೆಯನ್ನು ಆಳುವುದಕ್ಕೆ ಅಷ್ಟೇ ಸಾಕು ಎಂದು ಅವರನ್ನು ನೋಡಿಯೇ ನಾನು ತಿಳಿದುಕೊಂಡದ್ದು. ನೇಕಾರರ ಸೊಸೈಟಿಯ ಕಮಿಟಿಯಲ್ಲಿ ಅವರು ಕೆಲವು ವರ್ಷ ಕೂತಿದ್ದರಂತೆ. ಆಗ ಮೀಟಿಂಗಿಗೆ ಬರುತ್ತಿದ್ದ ಆಫೀಸರುಗಳ ಬಾಯಿಂದ ಹೆಕ್ಕಿಕೊಂಡ ಮಾತುಗಳಿವು. ಕಮಿಟಿ ಹೋಯಿತು, ಮಂಡಿನೋವು ಬಂತು, ಮಗ್ಗಕ್ಕೆ ಇಳಿಯುವುದು ನಿಂತಿತು, ಮಾತು ಮಾತ್ರ ಹಾಗೇ ಉಳಿಯಿತು. ಬೆಳಗಾಗುತ್ತಲೇ ಮಗ್ಗ ಶುರುವಾಗುವುದು ಮಸ್ಟು. ಅವರಿಗೆ ಎರಡನೇ ಸಲದ ಕಾಫಿ ಕಂಪಲ್ಸರಿ. ಅವರು ಕೂಗಿದಾಗ ಹೆಂಡತಿ ಬಂದು ನಿಲ್ಲುವುದು ಅರ್ಜೆಂಟು. ಹೆಂಗಸರು ಬಾಗಿಲಲ್ಲಿ ನಿಂತು ಮಾತಾಡುವುದು ನೆಸೆಸರಿ ಇಲ್ಲ.

ಹೆಂಗಸರ ಪಾಲಿಗೆ ಬಂದದ್ದು ಒಂದೇ ಇಂಗ್ಲಿಷ್ ಮಾತು, ಶಾರ್ಟೇಜು. ಅದು ಬಂದದ್ದಕ್ಕೂ ಕಾರಣವಿದೆ.

ನಾನು ಧರ್ಮಪುರಿ ಕಡೆಯವಳು. ನಮ್ಮಪ್ಪನ ಕಡೆಯವರೂ ನೇಯ್ಗೆಯ ಕುಲದವರೇ, ಆದರೆ ತಾತನ ಕಾಲಕ್ಕೇ ಮಗ್ಗ ಬಿಟ್ಟು ಹೊಲ ಹಿಡಿದರು. ನಮ್ಮ ಕಡೆ ಅಕ್ಕಿ, ಉಪ್ಪು, ಅರಿಶಿನ ಮುಗಿದರೆ ‘ಇಲ್ಲ’ ಅನ್ನುವುದಿಲ್ಲ, ‘ಎಚ್ಚೈತೆ’, ಅಂದರೆ ಹೆಚ್ಚಿದೆ, ಅನ್ನುತ್ತೇವೆ. ಅಷ್ಟೇ. ಹಸುವಿಗೆ ಹುಲ್ಲಿಲ್ಲದಿದ್ದರೆ ಹುಲ್ಲಿಲ್ಲ ಅಂತಲೇ ಕೂಗುತ್ತೇವೆ, ಕೈಯಲ್ಲಿ ಕಾಸಿಲ್ಲದಿದ್ದರೆ ಕಾಸಿಲ್ಲ ಅನ್ನುತ್ತೇವೆ. ಸೇಲಂ ಗುಗೈನ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ ಅಡುಗೆಮನೆಯಿಂದ, “ಅತ್ತೇ, ಎಣ್ಣೆ ಇಲ್ಲ” ಎಂದು ಕೂಗಿದೆ. ಮಗ್ಗದ ಸದ್ದು ಥಟ್ಟನೆ ನಿಂತಿತು. ಅತ್ತೆ ಪೂಂಗೊಡಿ ಓಡಿ ಬಂದು ನನ್ನ ಬಾಯಿಗೆ ಅಂಗೈ ಒತ್ತಿದರು.

“ಅಯ್ಯಯ್ಯೋ, ಅಂಗನ್ಬ್ಯಾಡ ಅಮ್ಮಣ್ಣಿ. ಚೌಡಮ್ಮ ಇರೋ ಮನೆ. ಇಲ್ಲ ಅಂದ್ರೆ ಇಲ್ದಂಗೇ ಆಗೋಯ್ತದೆ.”

“ಮತ್ತೆ ಏನನ್ನಾದು ಅತ್ತೆ? ಬಾಟ್ಲು ತಲೆಕೆಳಗೆ ಮಾಡಿದ್ರೂ ತೊಟ್ಟು ಬೀಳಾಕಿಲ್ಲ.”

“ಎಣ್ಣೆ ಶಾರ್ಟೇಜು ಅನ್ನು.”

“ಅದೂ ಅದೇ ಅರ್ಥ ತಾನೇ?”

“ಇಂಗ್ಲೀಸು ಅಮ್ಮಂಗೆ ಗೊತ್ತಾಗಾಕಿಲ್ಲ ಬಿಡು.”

ನಾನು ನಕ್ಕುಬಿಟ್ಟೆ. ಅತ್ತೆಯೂ ನಕ್ಕರು. ಆಗ ಅದು ತಮಾಷೆಯ ಮನೆಯಂತೆ ಕಂಡಿತ್ತು ನನಗೆ. ‘ಬೇಕು’ ಅನ್ನುವ ಮಾತಿಗೂ ಅಲ್ಲಿ ಇಂಥದೇ ಬೇಲಿ ಇತ್ತು ಎನ್ನುವುದು ಆಮೇಲೆ ಗೊತ್ತಾಯಿತು. ಗಂಡಸರು ಬೇಕು ಅನ್ನಬಹುದು. ಹೆಂಗಸು ಬೇಕು ಅಂದರೆ ಮಾವ ತಲೆಯೆತ್ತಿ, “ಬೇಕು ಅನ್ನಾದುಕ್ಕೆ ಕೊನೆ ಐತಾ? ಇರಾದ್ರಲ್ಲಿ ಸಂಸಾರ ಓಡ್ಸಾದು ಕಲ್ತ್ಕೊಳ್ಳಿ” ಅನ್ನುತ್ತಿದ್ದರು. ಆಮೇಲೆ ಎದ್ದು ಹೋಗಿ ಬಾಯಿ ತುಂಬ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ನಮ್ಮದು ಗುಂಡಿಮಗ್ಗ. ನೇಯುವುದು ರೇಷ್ಮೆ ಪಂಚೆ, ಮದುವೆ ಗಂಡು ಉಡುವಂಥದು. ಅತ್ತೆ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತು ಒಡಲು ನೇಯುತ್ತಾರೆ. ನಾನು ಅವರ ಎಡಮಗ್ಗುಲಲ್ಲಿ ಕೂತು ಅಂಚಿನ ಲಾಳಿ ಎಸೆಯುತ್ತೇನೆ. ಒಬ್ಬರು ಎಸೆದದ್ದನ್ನು ಇನ್ನೊಬ್ಬರು ಹಿಡಿದು ವಾಪಸ್ಸು ಕೊಡಬೇಕು, ಒಡಲಿನ ಎಳೆ ಅಂಚಿನ ಎಳೆಯನ್ನು ಪ್ರತಿ ಸಲವೂ ಕಚ್ಚಿಕೊಳ್ಳಬೇಕು. ಅದನ್ನು ಕಣ್ಣಿಟ್ಟು ನೋಡುವುದು ಗುಂಡಿಯಲ್ಲಿ ಕೂತವರ ಕೆಲಸ. ಗಂಡ ಕಾರ್ತಿಕೇಯನ್ ಸಬ್ಬಕ್ಕಿ ಮಾಡುವ ಜವ್ವರಿಸಿ ಮಿಲ್ಲಿನಲ್ಲಿ ಶಿಫ್ಟಿನ ಕೆಲಸದವನು, ಬಂದರೆ ಮಲಗುವವನು. ನಾದಿನಿ ಕಲೈವಾಣಿ ಶೆವ್ವಾಪೇಟೆಯ ಬೆಳ್ಳಿ ಗೆಜ್ಜೆ ಪಟ್ಟಡಿಯಲ್ಲಿ ಪಾಲಿಶ್ ಕೆಲಸಕ್ಕೆ ಹೋಗುತ್ತಾಳೆ. ಹಾಗಾಗಿ ಹಗಲೆಲ್ಲ ಅತ್ತೆ, ನಾನು, ಮಗ್ಗ. ಮತ್ತೆ ಜಗುಲಿಯಲ್ಲಿ ಕೂತು ಕಂಪಲ್ಸರಿ ಅನ್ನುವ ಮಾವ.

ಪಂಗುಣಿ ತಿಂಗಳಲ್ಲಿ, ಬೇಸಿಗೆ ಶುರುವಾಗುವಾಗ, ಅತ್ತೆಗೆ ಕಣ್ಣು ಮಂಜಾಗುತ್ತಿದೆ, ದೀಪದ ಸುತ್ತ ಬಣ್ಣ ಬಣ್ಣದ ಬಳೆ ಕಾಣುತ್ತಿದೆ ಎಂದು ತಿಳಿದದ್ದೂ ನಾನು ಕೇಳಿ ಕೇಳಿ ಬಾಯಿ ಬಿಡಿಸಿದ ಮೇಲೆ. ದೊಡ್ಡಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಕಣ್ಣಿನೊಳಗೆ ಪ್ರೆಶರ್ ಏರಿದೆ, ಈ ತೊಟ್ಟು ಔಷಧಿ ಒಂದು ದಿನವೂ ತಪ್ಪಬಾರದು, ತಿಂಗಳು ತಿಂಗಳು ಬಂದು ಬಾಟ್ಲು ತೆಗೆದುಕೊಂಡು ಹೋಗಿ ಎಂದರು. ಬಿಟ್ಟಿ ಔಷಧಿ. ಕಾಸಿನ ಮಾತೇ ಇಲ್ಲ. ಬೇಕಾಗಿದ್ದದ್ದು ತಿಂಗಳಿಗೆ ಒಂದು ಹಗಲು, ಅಷ್ಟೇ.

ಮುಂದಿನ ತಿಂಗಳು ರಾಗಿ ಕಳಿ ತಿನ್ನುತ್ತಾ ಕೂತಿದ್ದ ಮಾವನಿಗೆ ಹುರುಳಿ ಸಾರು ಬಡಿಸುತ್ತಾ ನಾನು ಮಾತು ತೆಗೆದೆ.

“ಮಾವ, ನಾಳೆ ಅತ್ತೇನ ಆಸ್ಪತ್ರೆಗೆ ಕರ್ಕೊಂಡು ಓಗ್ಬೇಕು.”

“ನಾಳೆನಾ? ಪಂಚೆ ಇಳ್ಸೋದು ಅರ್ಜೆಂಟು.”

“ನಾಡಿದ್ದು ಓಗ್ತೀವಿ.”

“ನಾಡಿದ್ದು ಹೊಸ ಹಾಸು ಏರ್ಸೋದು ಮಸ್ಟು. ಲೇ ಪೂಂಗೊಡಿ, ಔಷ್ದಿ ಐತಾ?”

ಅತ್ತೆ ಒಲೆಯ ಕಡೆ ಮುಖ ಮಾಡಿಕೊಂಡೇ, “ಐತೆ” ಎಂದರು.

“ಐತಂತಲ್ಲ. ಮತ್ತೆ ಓಗಾದು ನೆಸೆಸರಿ ಇಲ್ಲ.”

ದಿನಾ ಸಂಜೆ ದೇವರಿಗೆ ದೀಪ ಹಚ್ಚಿ ಅತ್ತೆ ಮೂಲೆಯಲ್ಲಿ ಕೂತು, ತಲೆಯೆತ್ತಿ, ಬಾಟ್ಲನ್ನು ಒಂದೊಂದು ಕಣ್ಣಿಗೂ ಬಗ್ಗಿಸುತ್ತಿದ್ದರು. ಆಮೇಲೆ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು. ನಾನು ನೋಡುತ್ತಿದ್ದೆ, ಕಲೈವಾಣಿ ನೋಡುತ್ತಿದ್ದಳು, ಮಾವನೂ ನೋಡುತ್ತಿದ್ದರು. ಒಂದು ದಿನ ಈ ಬಾಟ್ಲು ಇಷ್ಟು ದಿನ ಬಂತಾ ಎಂದು ನಾನು ಅತ್ತೆಯನ್ನು ಕೇಳಿದ್ದಕ್ಕೆ, “ಕಲೈವಾಣಿ ತಂದ್ಕೊಟ್ಲು, ಅವ್ಳ ಪಟ್ಟಡಿ ಆ ಕಡೆಗೇ ಅಲ್ವಾ” ಎಂದರು. ಸರಿ, ಮಗಳು ನೋಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಆಡಿ ತಿಂಗಳು ಬಂತು. ಮುಂದಿನ ಆವಣಿ ತಿಂಗಳ ಮದುವೆಗಳಿಗೆಂದು ಜವಳಿ ಸಾಹುಕಾರ ಅರುಣಾಚಲಂ ಮುದಲಾಳಿ ಪಂಚೆ ಆರ್ಡರ್ ಕೊಟ್ಟರು. ನೂಲು ಅವರದು, ನೇಯ್ಗೆ ನಮ್ಮದು. ಮೊದಲ ಕಟ್ಟು ತೆಗೆದುಕೊಂಡು ಹೋದವರು ಮಾರನೆಯ ದಿನವೇ ವಾಪಸ್ಸು ಬಂದು, ಬಾಗಿಲ ಬೆಳಕಿಗೆ ಒಂದು ಪಂಚೆ ಎತ್ತಿ ಹಿಡಿದರು. ಎಡ ಅಂಚು ಒಡಲಿಗೆ ಸೇರುವ ಕಡೆ ಸಣ್ಣ ಸಣ್ಣ ಕಿಂಡಿ. ಬೆರಳಿಟ್ಟು ಎಳೆದರೆ ಅಂಚು ಬಿಟ್ಟುಕೊಳ್ಳುತ್ತಿತ್ತು.

“ರಾಜಗೋಪಾಲ್, ಇದನ್ನ ಉಟ್ಕೊಂಡು ಮದುವೆ ಮಾಪಿಳ್ಳೆ ಮಣೆ ಮೇಲೆ ಕೂತ್ರೆ ಏನಾಗ್ತದೆ? ಸೊಲ್ಲುಂಗ, ನೀವೇ ಹೇಳಿ.” ಮಾವನ ಮೇಲೆ ಮುದಲಾಳಿ ಕೂಗಲಿಲ್ಲ. ಕಟ್ಟನ್ನು ಜಗುಲಿಯ ಮೇಲೆ ಇಟ್ಟು, ಬೇರೆ ನೇಯ್ದುಕೊಡಿ, ಮೊದಲ ಮುಹೂರ್ತದೊಳಗೆ ಆಗಬೇಕು ಎಂದು ಹೇಳಿ ಹೋದರು.

ಮಾವ ಕೂಗಿದರು. ಅಂಚಿನ ಲಾಳಿ ನನ್ನದು, ಆದ್ದರಿಂದ ತಪ್ಪೂ ನನ್ನದೇ.

“ಒಲ ಉತ್ತೋರ ಮನೆ ಹೆಣ್ಣು ತಂದ್ರೆ ಇಂಗೇ! ರೇಷ್ಮೆನೂ ಒಂದೇ ಇವ್ಳಿಗೆ, ರಾಗಿ ತೆನೆನೂ ಒಂದೇ. ಕೈ ಲಾಳಿ ಮೇಲೆ, ಮನಸು ಅಪ್ಪನ ಮನೆ ಮೇಲೆ.”

“ಮಾವ, ನಾನು ಲಾಳಿ ಎಸ್ಯೋಳು. ಎಳೆ ಕಚ್ತೋ ಇಲ್ವೋ ಅಂತ ನೋಡೋರು ಗುಂಡೀಲಿ ಕೂತೋರು.”

“ಏನು? ನಲವತ್ತು ವರ್ಷ ನೇಯ್ದೋಳ ಮೇಲೆ ಆಕ್ತೀಯಾ? ಏನ್ಲಾ ಕಾರ್ತೀ, ಕೇಳುದ್ಯಾ ನಿನ್ನ ಎಂಡ್ತಿ ಮಾತ?”

ಗಂಡ ತಟ್ಟೆಯಿಂದ ತಲೆಯೆತ್ತಲಿಲ್ಲ. “ಬಿಡು ಸರಿತಾ. ಸ್ವಲ್ಪ ಗ್ಯಾನ ಇಟ್ಟು ಮಾಡು.”

ನಾನು ಅತ್ತೆಯ ಮುಖ ನೋಡಿದೆ. ಒಂದು ಮಾತು ಹೇಳಬಹುದಿತ್ತು ಅವರು. ಬಾಯಿ ಬಿಗಿ ಹಿಡಿದುಕೊಂಡು ಅನ್ನ ಬಸಿಯುತ್ತಾ ನಿಂತರು. ಗಂಜಿ ಪಾತ್ರೆಗೆ ಬೀಳದೆ ನೆಲಕ್ಕೆ ಬಿತ್ತು, ಅದನ್ನೂ ಸೆರಗಲ್ಲಿ ಒರೆಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಜೊತೆಗೆ ಕೂತು ನೇಯುವವಳು, ದಿನಾ ನನ್ನ ಕೈಯ ಸಾರು ಉಣ್ಣುವವಳು, ನನ್ನ ಮೇಲೆ ತಪ್ಪು ಬೀಳುವಾಗ ಗೋಡೆಯಂತೆ ನಿಲ್ಲುವುದೇ?

ಅಂದಿನಿಂದ ನಾನು ಅತ್ತೆಯೊಡನೆ ಮಾತು ಬಿಟ್ಟೆ. ಕಳಿ ತಿರುವಿ ಮಡಕೆ ಮುಂದಿಟ್ಟು ಎದ್ದು ಹೋಗುತ್ತಿದ್ದೆ. ಪಾತ್ರೆಯನ್ನು ಬೇಕೆಂದೇ ಸದ್ದು ಮಾಡಿ ತಿಕ್ಕುತ್ತಿದ್ದೆ. ಮಗ್ಗದಲ್ಲಿ ಲಾಳಿ ಹೋಗುತ್ತಿತ್ತು, ಬರುತ್ತಿತ್ತು, ನಮ್ಮಿಬ್ಬರ ನಡುವೆ ಒಂದು ಮಾತೂ ಹೋಗುತ್ತಿರಲಿಲ್ಲ. ಹೊಸ ಪಂಚೆಯಲ್ಲೂ ಕಿಂಡಿ ಬೀಳುತ್ತಿದ್ದದ್ದನ್ನು ನಾನೇ ಮೊದಲು ಕಂಡೆ. ಬಿಚ್ಚಿ ಮತ್ತೆ ನೇಯ್ದೆವು. ಮತ್ತೆ ಕಿಂಡಿ. ಮಾವನ ಬೈಗುಳ ಊಟಕ್ಕೆ ಉಪ್ಪಿನಕಾಯಿಯಾಯಿತು.

“ಮಾತು ಬೆಳ್ಳಿ, ಮೌನ ಬಂಗಾರ. ನಿಮ್ಮತ್ತೆನ ನೋಡಿ ಕಲ್ತ್ಕೊ” ಎಂದರು ಒಂದು ಸಂಜೆ, ನಾನು ಏನೋ ಎದುರು ಹೇಳಿದ್ದಕ್ಕೆ.

ಆಗಷ್ಟೇ ಕೆಲಸದಿಂದ ಬಂದ ಕಲೈವಾಣಿ ಚಪ್ಪಲಿ ಬಿಡುತ್ತಾ, “ಅಪ್ಪಾ, ಇದು ಸೇಲಂ. ಇಲ್ಲಿ ಬೆಳ್ಳೀಲೇ ಹೊಟ್ಟೆ ತುಂಬೋದು” ಎಂದಳು.

ಅವಳ ಬಲಗಣ್ಣು ಕೆಂಡದಂತೆ ಕೆಂಪಾಗಿತ್ತು. ಪಾಲಿಶ್ ಮಾಡುವಾಗ ಪುಡಿ ಸಿಡಿದಿತ್ತಂತೆ. “ಅಣ್ಣಿ, ಎರಿಯುದು, ತಾಂಗ ಮುಡಿಯಲ” ಎಂದು ಉರಿ ತಾಳಲಾರದೆ ಅತ್ತಿಗೆಯಾದ ನನಗೆ ತಮಿಳಿನಲ್ಲೇ ಹೇಳಿ ನರಳುತ್ತಾ, ದೇವರ ಗೂಡಿನ ಪಕ್ಕದಲ್ಲಿದ್ದ ಅತ್ತೆಯ ಬಾಟ್ಲನ್ನು ಎತ್ತಿಕೊಂಡಳು. ಬೇರೆಯವರ ಔಷಧಿ ಹಾಕಬಾರದು ಕಣೇ ಎಂದು ನಾನು ಹೇಳುವುದರೊಳಗೆ ತಲೆಯೆತ್ತಿ ಹಿಂಡಿದಳು. ಏನೂ ಬೀಳಲಿಲ್ಲ. ಇನ್ನೊಮ್ಮೆ ಹಿಂಡಿದಳು. ಪುಸ್ ಎಂದು ಗಾಳಿ ಬಂತು.

“ಅಮ್ಮಾ, ಇದ್ರಲ್ಲಿ ಒಂದು ತೊಟ್ಟೂ ಇಲ್ಲ!”

“ಶ್! ಮೆಲ್ಲಗೆ. ದೀಪ ಅಚ್ಚಿರೋ ಒತ್ತು.”

ಕಲೈವಾಣಿ ನನ್ನ ಕಡೆ ತಿರುಗಿದಳು. “ಅಣ್ಣಿ, ಹೊಸ ಬಾಟ್ಲು ತಂದಿಲ್ವಾ?”

“ತಿಂಗ್ಳು ತಿಂಗ್ಳು ತರೋಳು ನೀನಲ್ವಾ?”

“ನಾನಾ? ನೀವು ತರ್ತೀರ ಅಂತಲ್ವಾ ಅಮ್ಮ ಏಳಿದ್ದು?”

ಇಬ್ಬರೂ ಅತ್ತೆಯ ಕಡೆ ನೋಡಿದೆವು. ಅವರು ದೀಪದ ಬತ್ತಿಯನ್ನು ಸರಿಮಾಡುತ್ತಿದ್ದರು. ಬೆರಳು ಬತ್ತಿಯ ಮೇಲೆ ಹೋಗದೆ ಪಕ್ಕದ ಕುಂಕುಮದ ಬಟ್ಟಲಿಗೆ ತಾಗುತ್ತಿತ್ತು. ಕಲೈವಾಣಿ ಹೋಗಿ ಅವರ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು.

“ಅಮ್ಮಾ, ಇದು ಎಷ್ಟು ಬೆರಳು?”

ಅತ್ತೆ ತಲೆ ಹೊರಳಿಸಿ ಬೆಳಕು ಹುಡುಕಿದರು.

“ಎಷ್ಟಮ್ಮಾ?”

“ಕೈ ತೆಗಿ. ಕತ್ಲೆ ಆಯ್ತದೆ.”

ನಾನು ಕೂತಲ್ಲೇ ಕೂತೆ. ಕಾಣದೆ ಹೋದದ್ದು ಎಡಗಣ್ಣು, ಮಗ್ಗದಲ್ಲಿ ನನ್ನ ಕಡೆಗಿನ ಕಣ್ಣು. ಎಡ ಅಂಚಿನ ಕಡೆಗಿನ ಕಣ್ಣು. “ಯಾವಾಗಿಂದ ಅತ್ತೆ? ಬಾಟ್ಲು ಮುಗ್ದು ಎಷ್ಟು ದಿನ ಆಯ್ತು?”

“ಚಿತ್ತಿರೈನಾಗೇ.” ಅಂದರೆ ಮೂರು ತಿಂಗಳ ಹಿಂದೆ, ಮೊದಲ ಬಾಟ್ಲೇ.

“ಮತ್ತೆ ದಿನಾ ಆಕ್ಕೊತಿದ್ರಲ್ಲ!”

“ಬಾಟ್ಲು ಎತ್ತಿದ್ರೆ ನಿಮ್ಮಾವ ಏನೂ ಕೇಳಾಕಿಲ್ಲ. ನೀವೂ ನೆಮ್ಮದಿಯಾಗಿ ಇರ್ತೀರ.”

“ಒಂದು ಮಾತು, ಶಾರ್ಟೇಜು ಅಂತ ಅನ್ಬೌದಿತ್ತಲ್ಲ ಅತ್ತೆ!” ನಾನು ಕೂಗಿಬಿಟ್ಟೆ.

“ಅಕ್ಕಿಗೆ ಶಾರ್ಟೇಜು ಅನ್ಬೌದು. ನೂಲ್ಗೆ ಅನ್ಬೌದು.” ಅತ್ತೆ ಬಾಟ್ಲನ್ನು ಮಗಳ ಕೈಯಿಂದ ತೆಗೆದುಕೊಂಡು ಮತ್ತೆ ಅದರ ಜಾಗದಲ್ಲೇ ಇಟ್ಟರು. “ನಂಗೆ ಅಂತ ಏನಂತ ಕೇಳಾದು?”

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಈ ಮನೆಯ ಮೇಲೆ, ಮಾವನ ಮೇಲೆ, ಅನ್ನ ಬಸಿಯುತ್ತಾ ಸುಮ್ಮನಿದ್ದ ಈ ಹೆಂಗಸಿನ ಮೇಲೂ.

ಮಾರನೆಯ ಬೆಳಿಗ್ಗೆ ಯಾರನ್ನೂ ಕೇಳಲಿಲ್ಲ. ಕಲೈವಾಣಿ ರಜಾ ಹಾಕಿದಳು, ಮೂವರೂ ಟೌನ್ ಬಸ್ಸು ಹತ್ತಿದೆವು. ಆಸ್ಪತ್ರೆಯಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಬಹಳ ಹೊತ್ತು ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ಕುರ್ಚಿಗೆ ಒರಗಿ, “ಏನಮ್ಮಾ, ಏಂ ನಿರುತ್ತಿನೀಂಗ? ಯಾಕೆ ನಿಲ್ಲಿಸಿದಿರಿ?” ಎಂದು ಕೇಳಿದರು.

ಅತ್ತೆ ನನ್ನ ಕಡೆ ನೋಡಿದರು. ನೀವೇ ಹೇಳಿ ಎನ್ನುವಂತೆ ಮುಖ ತಿರುಗಿಸಿದೆ.

“ಎಲ್ಲಾ ನಲ್ಲಾ ಇರುಕ್ಕು ಮ್ಮಾ” ಎಂದರು ಅತ್ತೆ. ಎಲ್ಲ ಚೆನ್ನಾಗಿದೆಯಂತೆ! ಒಂದು ಕಣ್ಣು ಹೋಗಿ ಕೂತಿರುವ ಹೆಂಗಸು ಡಾಕ್ಟರ ಮುಂದೆ ಹೇಳಿದ ಮಾತು ಅದು.

ಡಾಕ್ಟರಮ್ಮನಿಗೂ ರೇಗಿತು. ಎಡಗಣ್ಣು ಹೋಯಿತು, ಇನ್ನು ಬರುವುದಿಲ್ಲ ಎಂದರು. ಕೇಳಿದ್ದರೆ ಕೊಡುತ್ತಿದ್ದೆವಲ್ಲ, ಕೇಳುವುದಕ್ಕೆ ಏನಾಗಿತ್ತು ಎಂದರು. ಬಲಗಣ್ಣೂ ಅದೇ ದಾರಿ ಹಿಡಿದಿದೆ, ಔಷಧಿಗೆ ಬಗ್ಗುವ ಹಂತ ದಾಟಿದೆ, ಆಪರೇಷನ್ ಮಾಡಿದರೆ ಉಳಿದಷ್ಟು ಉಳಿಯುತ್ತದೆ, ಮುಂದಿನ ಬುಧವಾರ ಬಂದು ಸೇರಿ, ತಳ್ಳಿದರೆ ಕತ್ತಲೆಯೇ ಗತಿ ಎಂದರು. ಈ ಮಾತುಗಳ ನಡುವೆ ‘ಮಸ್ಟ್’ ಎಂಬ ಮಾತೂ ಬಂತು. ಅದನ್ನು ಅತ್ತೆಯ ಒಳ್ಳೆಯದಕ್ಕಾಗಿ ಒಬ್ಬರು ಆಡಿದ್ದನ್ನು ನಾನು ಮೊದಲ ಸಲ ಕೇಳಿದೆ.

ಬರುವಾಗ ಕಲೈವಾಣಿ ಒಂದು ತಟ್ಟುವಡೆ ಸೆಟ್ ತಂದು ಅಮ್ಮನ ಕೈಗಿಟ್ಟಳು. ಅತ್ತೆ ಅದರಲ್ಲಿ ಮೂರು ಪಾಲು ಮಾಡಲು ಹೋದರು. “ನೀನೇ ತಿನ್ನಮ್ಮಾ!” ಎಂದು ಮಗಳು ರಸ್ತೆಯಲ್ಲೇ ಗದರಿದಳು.

ಆ ಸಂಜೆ ಮನೆಯಲ್ಲಿ ಎಲ್ಲರೂ ಇದ್ದರು. ನಾನೇ ಹೇಳಿದೆ, ಮುಚ್ಚುಮರೆ ಇಲ್ಲದೆ. ಎಡಗಣ್ಣು ಹೋಯಿತು. ಬಲಗಣ್ಣು ಉಳಿಯಬೇಕಾದರೆ ಬುಧವಾರ ಆಪರೇಷನ್.

ಮಾವ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. ಒಂದು ಗಳಿಗೆ ಅವರ ಮುಖ ಕಪ್ಪಿಟ್ಟದ್ದು ನಿಜ. ಆದರೆ ಬಾಯಿಗೆ ಬಂದದ್ದು ಬೇರೆ.

“ಬುಧವಾರನೇ ಮುದಲಾಳಿಗೆ ಪಂಚೆ ಕೊಡಾದು. ಅದು ಕಂಪಲ್ಸರಿ. ಇನ್ನೊಂದು ಕಣ್ಣು ಸೆಂದಾಗೈತಲ್ಲ ಈಗ? ಆವಣಿ ಮುಗೀಲಿ, ನೋಡಾನ.”

“ಅಷ್ಟೊತ್ತಿಗೆ ಅದೂ ಓಯ್ತದೆ ಮಾವ.”

“ಬಾಯಿಗೆ ಬಂದಂಗೆ ಮಾತಾಡ್ಬ್ಯಾಡ ಲೇ. ಅಪಶಕುನ!”

“ಅಪ್ಪಾ,” ಎಂದಳು ಕಲೈವಾಣಿ, “ನಿಂಗೆ ಮಸ್ಟು ಗೊತ್ತು, ಕಂಪಲ್ಸರಿ ಗೊತ್ತು. ನೀಡ್ ಅಂತ ಒಂದು ಮಾತೈತೆ, ಗೊತ್ತಾ?”

“ಏನದು?”

“ಅಮ್ಮಂಗೆ ಕಣ್ಣು ಬೇಕು. ಅದು ನೀಡು. ನಿನ್ನ ಸೊಸೈಟೀಲಿ ಯಾರೂ ಏಳ್ಕೊಡ್ಲಿಲ್ವಾ?”

“ನಂಗೆ ಪಾಠ ಏಳ್ತಾಳೆ ಇವ್ಳು! ಕಾರ್ತೀ, ನೋಡ್ಲಾ.”

ಗಂಡ ಅಂಗಿ ಗುಂಡಿ ಹಾಕಿಕೊಳ್ಳುತ್ತಾ ಶಿಫ್ಟಿಗೆ ಹೊರಟಿದ್ದ. “ಒಂದೆರಡು ವಾರದಲ್ಲಿ ಏನಾಗ್ತದೆ, ಅಪ್ಪ ಏಳೋದೂ ಸರಿ…” ಎಂದು ಶುರುಮಾಡಿದ.

“ರೀ,” ನಾನು ಅವನ ದಾರಿಗೆ ಅಡ್ಡ ನಿಂತೆ, “ನಿಮ್ಮ ಒಂದು ಕಣ್ಣು ಮುಚ್ಕೊಂಡು ಈ ಬೀದಿ ದಾಟಿ ಬನ್ನಿ. ಆಮೇಲೆ ಏಳಿ ಯಾರು ಸರಿ ಅಂತ.”

ಅವನು ಚೀಲ ಎತ್ತಿಕೊಂಡು ಪಕ್ಕದಿಂದ ನುಸುಳಿ ಹೋದ. ಕೋಣನ ಮುಂದೆ ಕಿನ್ನರಿ!

ಆಗ ಅಡುಗೆಮನೆಯಿಂದ ಢಣ್ ಎಂದು ಸದ್ದಾಯಿತು. ಅತ್ತೆ ಅಕ್ಕಿ ಡಬ್ಬಿಯ ಮುಚ್ಚಳ ಕಿತ್ತು ನೆಲಕ್ಕೆ ಎಸೆದಿದ್ದರು.

“ಅಕ್ಕಿ ಇಲ್ಲ!” ಎಂದರು.

ನಾವು ಬಾಗಿಲಿಗೆ ಬಂದು ನಿಂತೆವು. ಅತ್ತೆ ತಡಕಾಡಿಕೊಂಡು ಮುಂದಿನ ಡಬ್ಬಿ ಹಿಡಿದರು. ಮುಚ್ಚಳ ಬಿಚ್ಚಿ, ತಲೆಕೆಳಗೆ ಮಾಡಿ ತಳವನ್ನು ಬಡಿದರು.

“ತೊಗರಿಬೇಳೆ ಇಲ್ಲ!”

“ಲೇ ಪೂಂಗೊಡಿ, ದೀಪ ಉರೀತಾ ಐತೆ. ನಿಂಗೇನು ಬಂತು?”

“ಎಣ್ಣೆ ಇಲ್ಲ! ಅರಿಶಿನ ಇಲ್ಲ! ಉಪ್ಪು…” ಉಪ್ಪಿನ ಮರಿಗೆಯಲ್ಲಿ ಉಪ್ಪಿತ್ತು. ಅತ್ತೆ ಅದನ್ನು ಎತ್ತಿ ಹಿಂದಿನ ಬಾಗಿಲಿಂದ ಅಂಗಳಕ್ಕೆ ಸುರಿದರು. “ಉಪ್ಪೂ ಇಲ್ಲ!”

ಮಾವ ಕಿವಿ ಮುಚ್ಚಿಕೊಂಡರು. ಪಕ್ಕದ ಮನೆಯ ಲಕ್ಷ್ಮಕ್ಕ ಗೋಡೆಯ ಮೇಲಿಂದ ತಲೆ ಹಾಕಿ, “ಏನಾಯ್ತು ಪೂಂಗೊಡಿ? ಯಾರಿಗೇನಾಯ್ತು?” ಎಂದು ಗಾಬರಿಯಿಂದ ಕೇಳಿದಳು.

“ನನ್ನ ಎಡಗಣ್ಣು ಇಲ್ಲ ಲಕ್ಷ್ಮಕ್ಕ!” ಅತ್ತೆ ಬೀದಿಗೆಲ್ಲ ಕೇಳುವಂತೆ ಕೂಗಿದರು. “ಈ ಮನೇಲಿ ಇಲ್ಲ ಅನ್ಬಾರ್ದಂತೆ. ಅನ್ಲಿಲ್ಲ ನಾನು. ಅನ್ದೇ ಇದ್ರೂ ಓಯ್ತಲ್ಲ! ಎಲ್ಲಿ ಕಾದ್ಳು ಇವ್ರ ಚೌಡಮ್ಮ?”

“ಬಾಯ್ಮುಚ್ಚು!”

“ನಾನು ಬಾಯ್ಮುಚ್ಚಿದ್ದಕ್ಕೇ ಈ ಉಡುಗಿ ಮೇಲೆ ತಪ್ಪು ಬಿತ್ತು. ಕಿಂಡಿ ಬಿಟ್ಟೋಳು ನಾನು. ನಂಗೆ ಕಾಣ್ತಿರ್ಲಿಲ್ಲ.” ಅತ್ತೆ ನನ್ನ ಕಡೆ ತಿರುಗಲು ಹೋಗಿ ಸ್ವಲ್ಪ ಆಚೆಗೆ ತಿರುಗಿದರು. “ಸರಿತಾ, ಕಿಂಡಿ ಬಿಟ್ಟೋಳು ನಾನು ಕಣಮ್ಮಾ.”

ನಾನು ಹೋಗಿ ಅವರ ಕೈಯಿಂದ ಮರಿಗೆಯನ್ನು ತೆಗೆದುಕೊಂಡೆ. ಮಾತು ಬಿಟ್ಟ ಮೇಲೆ ನಾನು ಅವರನ್ನು ಮುಟ್ಟಿದ್ದು ಆಗಲೇ. ಇಬ್ಬರ ಕೈಗೂ ಉಪ್ಪು ಹತ್ತಿತ್ತು.

ಆ ರಾತ್ರಿ ಮನೆಯಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಮಾರನೆಯ ದಿನದಿಂದ ಮತ್ತೆ ಪಂಚೆಗೆ ಕೂತೆವು. ಮಗ್ಗ ನಡೆಯಿತು. ಈಗ ಎಳೆ ಕಚ್ಚಿದೆಯೇ ಎಂದು ನಾನು ಬಗ್ಗಿ ನೋಡಿ ಹೇಳುತ್ತಿದ್ದೆ, ಅತ್ತೆ ಕೈಯಂದಾಜಿನಲ್ಲಿ ನೇಯುತ್ತಿದ್ದರು. ನಿಧಾನದ ಕೆಲಸ. ಮಾವ ಪ್ರತಿ ಊಟಕ್ಕೂ ಬುಧವಾರ, ಬುಧವಾರ ಎಂದು ಗೊಣಗುತ್ತಿದ್ದರು, ಆಸ್ಪತ್ರೆಯ ಬುಧವಾರವಲ್ಲ, ಮುದಲಾಳಿಯ ಬುಧವಾರ. ಆಪರೇಷನ್ ಮಾತು ಮುಗಿದೇಹೋಯಿತು ಎಂದುಕೊಂಡಿದ್ದರು. ಡಬ್ಬಿ ಬಡಿದದ್ದನ್ನು ಹೆಂಗಸಿಗೆ ಗಾಳಿ ಸೋಕಿದ್ದು ಎಂದು ಬೀದಿಯವರಿಗೆ ಹೇಳಿಕೊಂಡು ತಿರುಗಿದರು. ಒಂದು ನಿಂಬೆಹಣ್ಣನ್ನೂ ಮಂತ್ರಿಸಿ ತಂದು ಬಾಗಿಲಿಗೆ ಕಟ್ಟಿದರು.

ಬುಧವಾರ ಬೆಳಿಗ್ಗೆ ಇನ್ನೂ ಒಂದು ಪಂಚೆ ಮಗ್ಗದ ಮೇಲೆ ಅರ್ಧ ಉಳಿದಿತ್ತು. ಅತ್ತೆ ಮಿಂದು, ಒಗೆದ ಸೀರೆ ಉಟ್ಟು, ಒಂದು ಚೀಲದಲ್ಲಿ ಬಟ್ಟೆ ಇಟ್ಟುಕೊಂಡು ನಡುಮನೆಗೆ ಬಂದರು. ಮಾವ ಬಾಗಿಲಿಗೆ ಅಡ್ಡ ನಿಂತರು.

“ಎಲ್ಲಿಗೆ?”

“ಆಸ್ಪತ್ರೆಗೆ.”

“ಮಧ್ಯಾನ್ನದೊಳ್ಗೆ ಪಂಚೆ ಇಳೀಬೇಕು. ಮುದಲಾಳಿ ಮುಂದೆ ನನ್ನ ಮಾನ ಏನಾಗಾದು? ಇಳಿ ಗುಂಡಿಗೆ.”

“ನಂಗೆ ಕಣ್ಣು ಬೇಕು.”

“ಏನಂದೆ?”

“ಬೇಕು ಅಂದೆ.” ಅತ್ತೆಯ ದನಿ ಏರಲಿಲ್ಲ. “ಕಣ್ಣು ಬೇಕು. ಔಷ್ದಿ ಬೇಕು. ಆಪ್ರೇಸನ್ ಆದ್ಮೇಲೆ ಮಲಗಾಕೆ ಕಿಟಕಿ ಕಡೆ ಜಾಗ ಬೇಕು.”

“ಇದನ್ನ ಮುಗ್ಸಾದು ಕಂಪಲ್ಸರಿ ಅಂತ ಏಳ್ತಾ ಇದೀನಿ ಪೂಂಗೊಡಿ!”

“ಕಂಪಲ್ಸರಿನಾ?” ಎಂದರು ಅತ್ತೆ. “ಅಂಗಾದ್ರೆ ನೀನು ಇಳಿ.”

ನೀನು! ನಲವತ್ತು ವರ್ಷ ಗಂಡನನ್ನು ‘ನೀವು’ ಬಿಟ್ಟು ಬೇರೆ ಕರೆಯದ ಹೆಂಗಸು. ಅವರ ಹೆಸರು ಹೇಳಬೇಕಾಗಿ ಬಂದರೆ ‘ಕಾರ್ತಿ ಅಪ್ಪ’ ಅನ್ನುತ್ತಿದ್ದವರು. ಮಾವನ ಕೈ ಮೇಲೆದ್ದಿತು. ಅತ್ತೆ ಕದಲಲಿಲ್ಲ. ಆ ಕೈ ಎಡಗಡೆಯಿಂದ ಎದ್ದದ್ದು ಅವರಿಗೆ ಕಂಡಿತ್ತೋ ಇಲ್ಲವೋ ನನಗೆ ತಿಳಿಯದು. ನಾನೂ ಕಲೈವಾಣಿಯೂ ಒಟ್ಟಿಗೇ ಮುಂದೆ ಬಂದೆವು. ರಾತ್ರಿ ಶಿಫ್ಟು ಮುಗಿಸಿ ಬಂದು ಮೂಲೆಯಲ್ಲಿ ಮಲಗಿದ್ದ ನನ್ನ ಗಂಡ ಎದ್ದು ಕೂತ. ಮಾವನ ಕೈ ಹಾಗೇ ಇಳಿದು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು. ಆಮೇಲೆ ಅದನ್ನೂ ಬಿಟ್ಟಿತು.

“ಸರಿತಾ ಇರ್ಲಿ ಮನೇಲಿ” ಎಂದರು ಸಣ್ಣ ದನಿಯಲ್ಲಿ. “ಲಾಳಿ ಎಸ್ಯಾಕೆ ಒಬ್ರು ಬೇಕು.”

“ನಂಗೂ ಒಬ್ರು ಬೇಕು” ಎಂದರು ಅತ್ತೆ.

ನಾನು ಚೀಲ ಎತ್ತಿಕೊಂಡೆ. ಕಲೈವಾಣಿ ಕೆಲಸಕ್ಕೆ ಹೋಗಿ ಮಧ್ಯಾಹ್ನ ಬರುತ್ತೇನೆಂದಳು. ನಾವು ಬೀದಿಗೆ ಇಳಿದು ನಾಲ್ಕು ಮನೆ ದಾಟಿರಬಹುದು, ನಮ್ಮ ಮನೆಯಿಂದ ಮಗ್ಗದ ಸದ್ದು ಕೇಳಿತು. ಮಂಡಿನೋವಿನ ಮಾವ ಗುಂಡಿಗೆ ಇಳಿದಿದ್ದರು. ಲಾಳಿ ಒಂದು ಸಲ ಹೋದ ಸದ್ದಾಯಿತು. ವಾಪಸ್ಸು ಬಂದ ಸದ್ದಾಗಲಿಲ್ಲ. “ಲೇ ಕಾರ್ತೀ, ಬಾರ್ಲಾ ಇಲ್ಲಿ!” ಎಂದು ಕೂಗಿದರು. ಗಂಡ ಏನು ಉತ್ತರ ಕೊಟ್ಟನೋ, ಕೊಟ್ಟನೋ ಇಲ್ಲವೋ, ನಮಗೆ ಕೇಳಲಿಲ್ಲ.

ನಾನು ತಿರುಗಿ ನೋಡಿದೆ. ಅತ್ತೆ ನೋಡಲಿಲ್ಲ. ಬಸ್ ಸ್ಟಾಪಿನಲ್ಲಿ ನನ್ನ ತೋಳು ಹಿಡಿದು ನಿಂತು, ಸುತ್ತ ನಿಂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

“ಬಸ್ಸು ಬಂತಾ ನೋಡಮ್ಮ. ಈ ಕಡೆ ನಂಗೆ ಕಾಣಾಕಿಲ್ಲ.”